ಒಣಗಿದ ಮೇಲೆ ನೀರು ಮುಟ್ಟಿಸಿದರೆ?

ಹಳೆಯ ಕಲ್ಲುಗೋಡೆಯ ಚಿತ್ರವೊಂದು ಮೊನ್ನೆ ಮುಗಿಯಿತು. ಪಾಚಿ ಹಿಡಿದು, ಮಳೆಯಲ್ಲಿ ನೆನೆದು ನಿಂತ ಗೋಡೆ. ಶುರು ಮಾಡುವಾಗ ಬರೀ ವಾಟರ್‌ಕಲರ್ ಸಾಕು ಅಂದುಕೊಂಡಿದ್ದೆ. ಮುಗಿಯುವಷ್ಟರಲ್ಲಿ ಅದರೊಳಗೆ ಮೇಣ ಬಂತು, ಕಪ್ಪು ಶಾಯಿ ಬಂತು, ಗ್ವಾಶ್ (ಅಡಿಯದನ್ನು ಮುಚ್ಚುವ ನೀರಿನ ಬಣ್ಣ) ಬಂತು, ಒಂದು ಚೂರು ತೆಳು ಕಾಗದ ಬಂತು, ಕೊನೆಗೆ ಎರಡೇ ಎರಡು ಗೀಟು ಪೇಸ್ಟಲ್, ಅಂದರೆ ಒಣ ಪುಡಿಯ ಬಣ್ಣದ ಕಡ್ಡಿ. ಆರು ಸಾಮಗ್ರಿಗಳು ಒಂದೇ ಹಾಳೆಯ ಮೇಲೆ ಹೊಂದಿಕೊಂಡು ಕೂತಿವೆ. ನನಗೆ ತುಂಬಾ ಖುಷಿಯಾಗಿದೆ, ಯಾಕೆಂದರೆ ಇಂಥದ್ದೇ ಗೋಡೆಯನ್ನು ಕೆಲವು ವರ್ಷಗಳ ಹಿಂದೆ ಬರೆಯಲು ಹೋದಾಗ ಚಿತ್ರ ಪೂರ್ತಿ ಹಾಳಾಗಿತ್ತು.

ಆಗ ಮೂರು ಸಂಜೆ ಕೂತು ಒಂದೊಂದು ಕಲ್ಲನ್ನೂ ತೆಳ್ಳಗಿನ ಕಪ್ಪು ಪೆನ್ನಿನಲ್ಲಿ ಬಿಡಿಸಿದ್ದೆ. ಬಿರುಕು, ಸಂದಿ, ಸಂದಿಯಲ್ಲಿ ಬೆಳೆದ ಹುಲ್ಲು, ಎಲ್ಲ. ನಾಲ್ಕನೇ ದಿನ ಮೊದಲ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಎಳೆದೆ. ನೋಡನೋಡುತ್ತಿದ್ದಂತೆ ಕಪ್ಪು ಗೀಟುಗಳು ನೇರಳೆಗೆ ತಿರುಗಿ ಹರಿದುಹೋದವು. ಆ ಪೆನ್ನಿನ ಶಾಯಿ ನೀರಿನಲ್ಲಿ ಕರಗುವ ಡೈ. ಕಾಗದದ ಮೂಲೆಯಲ್ಲಿ ಒಂದು ಗೀಟು ಎಳೆದು, ಒಣಗಿಸಿ, ಒದ್ದೆ ಬ್ರಷ್ ಆಡಿಸಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅವತ್ತಿನಿಂದ ಯಾವ ಹೊಸ ಸಾಮಗ್ರಿ ಕೈಗೆ ಬಂದರೂ ಮೊದಲು ಕೇಳುವ ಪ್ರಶ್ನೆ ಒಂದೇ. ಒಣಗಿದ ಮೇಲೆ ಇದಕ್ಕೆ ನೀರು ಮುಟ್ಟಿಸಿದರೆ ಏನಾಗುತ್ತದೆ?

ಉತ್ತರ ಮೂರು ತರಹ ಬರುತ್ತದೆ. ಕೆಲವು ಮತ್ತೆ ಕರಗಿ ಮೇಲೇಳುತ್ತವೆ: ವಾಟರ್‌ಕಲರ್, ಗ್ವಾಶ್, ವಾಟರ್‌ಕಲರ್ ಪೆನ್ಸಿಲ್. ಕೆಲವು ಕದಲುವುದಿಲ್ಲ, ತಮ್ಮ ಮೇಲೆ ನೀರು ಹರಿಯಲು ಬಿಡುತ್ತವೆ: ವಾಟರ್‌ಪ್ರೂಫ್ ಶಾಯಿ, ತೆಳುವಾಗಿ ಹಚ್ಚಿದ ಅಕ್ರಿಲಿಕ್. ಇನ್ನು ಕೆಲವು ನೀರನ್ನು ಹತ್ತಿರಕ್ಕೇ ಸೇರಿಸುವುದಿಲ್ಲ: ಮೇಣ, ಆಯಿಲ್ ಪೇಸ್ಟಲ್. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಯಾವುದನ್ನು ಮೊದಲು ಹಚ್ಚಬೇಕು, ಯಾವುದನ್ನು ಕೊನೆಗೆ ಇಡಬೇಕು ಅನ್ನುವುದು ಹೆಚ್ಚುಕಮ್ಮಿ ತಾನಾಗಿಯೇ ತೀರ್ಮಾನವಾಗುತ್ತದೆ. ಹೀಗೆ ಹಲವು ಸಾಮಗ್ರಿ ಸೇರಿಸಿ ಬರೆಯುವ ಮಿಕ್ಸ್ಡ್ ಮೀಡಿಯಾ ಅಂದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಸುಮ್ನೆ ಒಂದೇ ಹಾಳೆಗೆ ಸುರಿಯುವುದು ಅಂತ ನನಗೂ ಮೊದಲು ಅನಿಸಿತ್ತು. ಅಸಲಿಗೆ ಅದು ಸರದಿಯ ಲೆಕ್ಕ.

ಈ ವ್ಯತ್ಯಾಸ ಬರುವುದು ಅಂಟಿನಿಂದ. ಬಣ್ಣದ ಪುಡಿ ಎಲ್ಲದರಲ್ಲೂ ಒಂದೇ ಇರಬಹುದು. ಅದೇ ಅಲ್ಟ್ರಾಮರೀನ್ ನೀಲಿ ಪುಡಿಯನ್ನು ಗಮ್ ಅರಬಿಕ್‌ನಲ್ಲಿ ಅರೆದರೆ ವಾಟರ್‌ಕಲರ್, ಎಣ್ಣೆಯಲ್ಲಿ ಅರೆದರೆ ಆಯಿಲ್ ಕಲರ್, ಅಕ್ರಿಲಿಕ್ ಎಮಲ್ಷನ್‌ನಲ್ಲಿ ಕಲಸಿದರೆ ಅಕ್ರಿಲಿಕ್. ಗಮ್ ಅರಬಿಕ್ ಅಂದರೆ ಜಾಲಿ ಜಾತಿಯ ಮರಗಳಿಂದ ಒಸರುವ ಅಂಟು. ಎಷ್ಟು ಸಲ ಒಣಗಿದರೂ ನೀರು ಸಿಕ್ಕ ಕೂಡಲೇ ಮತ್ತೆ ಕರಗುತ್ತದೆ. ಪ್ಯಾಲೆಟ್‌ನಲ್ಲಿ ತಿಂಗಳುಗಟ್ಟಲೆ ಒಣಗಿ ಕೂತ ಬಣ್ಣ ಒಂದು ಹನಿಗೆ ಎಚ್ಚರಾಗುವುದು ಅದಕ್ಕೇ. ಅಕ್ರಿಲಿಕ್ ಹಾಗಲ್ಲ. ಅದರಲ್ಲಿ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ, ನೀರು ಆರಿದಾಗ ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಆಮೇಲೆ ಎಷ್ಟು ನೀರು ಸುರಿದರೂ ಆ ಪದರ ಬಿಡಿಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರಬಹುದು. ವಾಟರ್‌ಕಲರ್ ಮತ್ತೆ ಕರಗುತ್ತದೆ ಅಂದ ಮೇಲೆ ಅದರ ಮೇಲೇ ಇನ್ನೊಂದು ವಾಶ್ ಹಾಕುವುದು ಹೇಗೆ? ಬಂಗಾಳದ ಚಿತ್ರಕಾರ ಅಬನೀಂದ್ರನಾಥ ಟಾಗೋರರ ಚಿತ್ರಗಳನ್ನು ನೋಡಿ. ಜಪಾನಿನ ಕಲಾವಿದರಾದ ಯೊಕೊಯಾಮಾ ಟೈಕಾನ್ ಮತ್ತು ಹಿಶಿದಾ ಶುನ್ಸೊ 1903ರಲ್ಲಿ ಕೋಲ್ಕತ್ತಕ್ಕೆ ಬಂದಿದ್ದರು. ಅವರ ಒಡನಾಟದಿಂದ ಅಬನೀಂದ್ರನಾಥರು ತಮ್ಮದೇ ಆದ ವಾಶ್ ಪದ್ಧತಿಯನ್ನು ಕಟ್ಟಿಕೊಂಡರು. ಬಣ್ಣ ಹಚ್ಚಿ, ಒಣಗಿಸಿ, ಇಡೀ ಚಿತ್ರವನ್ನು ನೀರಿನಲ್ಲಿ ಅದ್ದುವುದು, ಮತ್ತೆ ಹಚ್ಚುವುದು, ಮತ್ತೆ ಅದ್ದುವುದು. ಕಾಗದದ ನಾರಿನೊಳಗೆ ಇಳಿದ ಬಣ್ಣ ಉಳಿಯುತ್ತದೆ, ಮೇಲೆ ಸಡಿಲವಾಗಿ ಕೂತದ್ದು ತೊಳೆದುಹೋಗುತ್ತದೆ. ಉಳಿದದ್ದರ ಮೇಲೆ ಮಂಜು ಕವಿದಂಥ ಮೃದುತನ. ಅದನ್ನು ಮೊದಲ ಸಲ ಮಾಡಿ ನೋಡಿದ ದಿನ ನನಗೆ ಕೈ ನಡುಗಿತ್ತು. ಎರಡು ದಿನದ ಕೆಲಸವನ್ನು ನೀರಿಗೆ ಇಳಿಸುವುದು ಅಂದರೆ ಸಣ್ಣ ವಿಷಯ ಅಲ್ಲ ಅಲ್ವಾ. ಆದರೆ ಹೊರಗೆ ತೆಗೆದಾಗ ಚಿತ್ರ ಉಳಿದಿತ್ತು, ಮೊದಲಿಗಿಂತ ಮೆತ್ತಗಾಗಿತ್ತು.

ಇಷ್ಟೆಲ್ಲ ತಾಳಿಕೊಳ್ಳಲು ಕಾಗದ ಗಟ್ಟಿ ಇರಬೇಕು. ಚದರ ಮೀಟರ್‌ಗೆ 300 ಗ್ರಾಂ ತೂಕದ, ಪೂರ್ತಿ ಹತ್ತಿಯಿಂದ ಮಾಡಿದ, ಮೈ ಸ್ವಲ್ಪ ಒರಟಾಗಿರುವ ಕೋಲ್ಡ್ ಪ್ರೆಸ್ ಕಾಗದವನ್ನೇ ನಾನು ಬಳಸುತ್ತೇನೆ. 200 ಗ್ರಾಂನದ್ದು ಎರಡನೇ ವಾಶ್‌ಗೇ ಅಲೆ ಅಲೆಯಾಗಿ ಏಳುತ್ತದೆ, ಅದರ ಮೇಲೆ ಏನಾದರೂ ಅಂಟಿಸಲು ಹೋದರೆ ಇನ್ನೂ ಕಷ್ಟ. ಮಿಕ್ಸ್ಡ್ ಮೀಡಿಯಾಗೆ ಅಂತಲೇ ಮಾರುವ ಪ್ಯಾಡ್‌ಗಳು ಶಾಯಿಗೆ, ಕಾಗದದ ಚೂರು ಅಂಟಿಸುವ ಕೊಲಾಜ್‌ಗೆ ಚೆನ್ನ. ನಾನು ಬಳಸಿದವುಗಳ ಮೇಲೆ ಅಗಲವಾದ ಒದ್ದೆ ವಾಶ್ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಒಂದೇ ಕಡೆ ದುಡ್ಡು ಖರ್ಚು ಮಾಡಲು ಆಗುವುದಾದರೆ ಕಾಗದಕ್ಕೇ ಮಾಡಿ, ಬಣ್ಣದ ಸಂಖ್ಯೆ ಕಡಿಮೆ ಇದ್ದರೂ ನಡೆಯುತ್ತದೆ.

ಈಗ ಮೇಣ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮಾಮೂಲಿ ಬಿಳಿ ಮೇಣದ ಬತ್ತಿ ಸಾಕು. ಚೂಪಾಗಿ ಕೆತ್ತಿಕೊಂಡರೆ ಗೀಟು ಬರುತ್ತದೆ, ಅಡ್ಡ ಮಲಗಿಸಿ ಉಜ್ಜಿದರೆ ಕಾಗದದ ಉಬ್ಬುಗಳಿಗೆ ಮಾತ್ರ ಹತ್ತುತ್ತದೆ. ಮೇಲೆ ವಾಶ್ ಹರಿಸಿದಾಗ ಬಣ್ಣ ತಗ್ಗುಗಳಲ್ಲಿ ಇಳಿದು, ಉಬ್ಬುಗಳು ಬೆಳ್ಳಗೆ ಉಳಿಯುತ್ತವೆ. ಕಲ್ಲು, ಮರದ ತೊಗಟೆ, ನೀರಿನ ಮೇಲಿನ ಹೊಳಪು, ಇವುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬ್ರಷ್ಷಿನಿಂದ ಒಂದೊಂದೇ ಚುಕ್ಕೆ ಇಟ್ಟು ಕಲ್ಲಿನ ಒರಟುತನ ತೋರಿಸಲು ಹೋದರೆ ಅದು ಚುಕ್ಕೆಗಳ ಹಾಗೆಯೇ ಕಾಣುತ್ತದೆ. ಮೇಣ ಕಾಗದದ ಮೈಯನ್ನೇ ಕಲ್ಲಿನ ಮೈಯಾಗಿ ಮಾಡಿಬಿಡುತ್ತದೆ.

ಅದರ ಜಾಗ ಬರೀ ಬಿಳಿ ಕಾಗದದ ಮೇಲೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನು ಮೊದಲು ಇಡೀ ಗೋಡೆಗೆ ತೆಳು ಹಳದಿ ಮಣ್ಣಿನ ಬಣ್ಣದ ವಾಶ್ ಹಾಕಿದೆ. ಅದು ಪೂರ್ತಿ ಒಣಗಿದ ಮೇಲೆ ಬಿಸಿಲು ಬಿದ್ದ ಕಲ್ಲುಗಳ ಮೇಲೆ ಮೇಣ ಉಜ್ಜಿದೆ. ಆಮೇಲೆ ಬೂದು ವಾಶ್. ಅದೂ ಒಣಗಿದ ಮೇಲೆ ಬೇರೆ ಕಲ್ಲುಗಳ ಮೇಲೆ ಮತ್ತೆ ಮೇಣ, ಅದರ ಮೇಲೆ ಕಡು ಹಸಿರು. ಹೀಗೆ ಮಾಡಿದಾಗ ಕೆಲವು ಕಲ್ಲುಗಳೊಳಗಿಂದ ಹಳದಿ ಇಣುಕುತ್ತದೆ, ಕೆಲವುಗಳಲ್ಲಿ ಬೂದು. ಮೂರು ಪದರಗಳೂ ಕಾಣುತ್ತವೆ.

ಕಷ್ಟ ಏನೆಂದರೆ ಬಿಳಿ ಮೇಣ ಎಲ್ಲಿ ಹಚ್ಚಿದ್ದೇವೆ ಅಂತ ಕಾಣಿಸುವುದಿಲ್ಲ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಿಂಚುತ್ತದೆ, ಆಗ ನೋಡಿಕೊಳ್ಳಬೇಕು. ಹಚ್ಚಿದ ಮೇಲೆ ಅಳಿಸಲು ಆಗುವುದಿಲ್ಲ. ಹೀರುವ ಕಾಗದ ಇಟ್ಟು ಇಸ್ತ್ರಿ ಮಾಡಿದರೆ ಒಂದಷ್ಟು ಎದ್ದುಬರುತ್ತದೆ, ಆದರೆ ಜಿಡ್ಡಿನ ಕಲೆ ಉಳಿಯುತ್ತದೆ, ಅಲ್ಲಿ ಬಣ್ಣ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮೇಣ ಹಚ್ಚುವ ಮುಂಚೆ ಎಲ್ಲಿ ಬೇಕು ಅಂತ ಯೋಚಿಸಿ, ಹಚ್ಚುವಾಗ ಧೈರ್ಯವಾಗಿ ಹಚ್ಚಿ.

ಹೆನ್ರಿ ಮೂರ್ ಅಂದರೆ ಎಲ್ಲರಿಗೂ ದೊಡ್ಡ ದೊಡ್ಡ ಶಿಲ್ಪಗಳು ನೆನಪಾಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ್ದ ಜನರನ್ನು ಅವರು 1940 ಮತ್ತು 1941ರಲ್ಲಿ ಕಾಗದದ ಮೇಲೆ ತಂದರು. ಪೆನ್ನು, ಶಾಯಿ, ಮೇಣದ ಕ್ರೇಯಾನ್, ವಾಟರ್‌ಕಲರ್. ಕಂಬಳಿ ಹೊದ್ದ ಮೈಗಳ ಸುತ್ತ ಕ್ರೇಯಾನ್ ಗೀಟುಗಳು ಕಪ್ಪು ವಾಶ್‌ನೊಳಗಿಂದ ಬೆಳಕಿನ ಹಾಗೆ ಉಳಿದಿವೆ. ಮೇಣ ಅಂದರೆ ಮಕ್ಕಳ ಆಟ ಅಂದುಕೊಂಡವರಿಗೆ ನಾನು ಈ ಚಿತ್ರಗಳನ್ನೇ ತೋರಿಸುತ್ತೇನೆ.

ಮಾಸ್ಕಿಂಗ್ ಫ್ಲೂಯಿಡ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ರಬ್ಬರ್ ಹಾಲಿನ ದ್ರವ ಅದು, ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ತೆಗೆಯಬಹುದು, ಅಡಿಯಲ್ಲಿ ಕಾಗದ ಬೆಳ್ಳಗೆ ಉಳಿದಿರುತ್ತದೆ. ಅನುಕೂಲವೇ. ಆದರೆ ಅಂಚು ಕತ್ತರಿಸಿಟ್ಟ ಹಾಗೆ ಗಡುಸಾಗಿ ಬರುತ್ತದೆ, ಅದನ್ನು ಆಮೇಲೆ ಒದ್ದೆ ಬ್ರಷ್ಷಿನಿಂದ ಮೆತ್ತಗೆ ಮಾಡಿಕೊಳ್ಳಬೇಕು. ಒಳ್ಳೆಯ ಬ್ರಷ್ಷನ್ನು ಇದಕ್ಕೆ ಅದ್ದಬೇಡಿ. ಹಳೆಯದನ್ನು ಸೋಪಿನಲ್ಲಿ ಮುಳುಗಿಸಿಕೊಂಡು ಬಳಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಗೆ ಅದು ಕಾಗದವನ್ನು ಕಚ್ಚಿಕೊಂಡು ತೆಗೆಯುವಾಗ ಸಿಪ್ಪೆಯ ಹಾಗೆ ಕಿತ್ತುಬರುತ್ತದೆ.

ಉಪ್ಪು ಎಲ್ಲರೂ ಮೊದಲು ಮಾಡಿ ನೋಡುವ ಆಟ. ಒದ್ದೆ ವಾಶ್ ಮೇಲೆ ಉದುರಿಸಿದರೆ ಹರಳುಗಳು ಸುತ್ತಲಿನ ನೀರನ್ನೂ ಬಣ್ಣವನ್ನೂ ಎಳೆದುಕೊಂಡು ನಕ್ಷತ್ರದ ಹಾಗೆ ಗುರುತು ಬಿಡುತ್ತವೆ. ಗುಟ್ಟು ಇರುವುದು ಹೊತ್ತಿನಲ್ಲಿ. ನೀರು ಕೆರೆಯ ಹಾಗೆ ನಿಂತಿರುವಾಗ ಹಾಕಿದರೆ ಉಪ್ಪೇ ಕರಗಿಹೋಗುತ್ತದೆ, ಹೊಳಪು ಪೂರ್ತಿ ಹೋದ ಮೇಲೆ ಹಾಕಿದರೆ ಏನೂ ಆಗುವುದಿಲ್ಲ. ಹೊಳಪು ಮಂಕಾಗಲು ಶುರುವಾಗುವ ಆ ಸ್ವಲ್ಪ ಹೊತ್ತಿನಲ್ಲಿ ಹಾಕಬೇಕು. ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಹರಳು ಕೆಡವಿದ ಮೇಲೂ ಕಾಗದದಲ್ಲಿ ಉಪ್ಪಿನಂಶ ಉಳಿದು ಗಾಳಿಯ ತೇವ ಎಳೆಯುತ್ತಿರುತ್ತದೆ. ಹಾಗಾಗಿ ಉಳಿಯಬೇಕಾದ ಚಿತ್ರಕ್ಕೆ ನಾನು ಹಾಕುವುದಿಲ್ಲ. ಅದರ ಬದಲು ಐಸೊಪ್ರೊಪೈಲ್ ಆಲ್ಕೋಹಾಲ್. ಅದೇ ಹೊತ್ತಿನಲ್ಲಿ ಬ್ರಷ್ಷಿನ ತುದಿಯಿಂದ ಒಂದು ಹನಿ ಬಿಟ್ಟರೆ ಅಲ್ಲಿ ನೀರಿನ ಬಿಗಿ ಸಡಿಲವಾಗಿ ಬಣ್ಣ ಸುತ್ತಲೂ ಓಡುತ್ತದೆ, ನಡುವೆ ತಿಳಿಯಾದ ವೃತ್ತ ಉಳಿಯುತ್ತದೆ. ಆಮೇಲೆ ಆಲ್ಕೋಹಾಲ್ ಆರಿಹೋಗುತ್ತದೆ, ಕಾಗದದಲ್ಲಿ ಏನೂ ಉಳಿಯುವುದಿಲ್ಲ. ನನ್ನ ಗೋಡೆಯ ಮೇಲಿನ ಬಿಳಿಚಿದ ಕಲೆಗಳೆಲ್ಲ ಹೀಗೇ ಬಂದದ್ದು. ಕಿಟಕಿ ತೆರೆದಿಟ್ಟು ಮಾಡಿ.

ಶಾಯಿಗೆ ಬರುತ್ತೇನೆ. ಮೊದಲ ಸಲ ನನ್ನ ಗೋಡೆ ಹರಿದುಹೋದದ್ದು ಇಲ್ಲೇ ತಾನೆ.

ಇಂಡಿಯನ್ ಇಂಕ್ ಅಂದರೆ ಮಸಿಯ ಕಪ್ಪು. ವಾಟರ್‌ಪ್ರೂಫ್ ಬಗೆಯದರಲ್ಲಿ ಸಾಮಾನ್ಯವಾಗಿ ಅರಗು ಸೇರಿರುತ್ತದೆ. ಒಣಗಿತು ಅಂದರೆ ಅದರ ಮೇಲೆ ಎಷ್ಟು ವಾಶ್ ಬೇಕಾದರೂ ಹರಿಸಬಹುದು. ಆದರೆ ಇದನ್ನು ಫೌಂಟನ್ ಪೆನ್ನಿಗೆ ತುಂಬಿಸಬಾರದು, ಒಳಗೇ ಗಟ್ಟಿಯಾಗಿ ಪೆನ್ನು ಕಟ್ಟಿಕೊಳ್ಳುತ್ತದೆ. ಅದ್ದಿ ಬರೆಯುವ ನಿಬ್ಬು ಅಥವಾ ಬ್ರಷ್ ಬಳಸಿ. ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿ) ಇರುವ ತೆಳು ಪೆನ್ನುಗಳೂ ಒಳ್ಳೆಯವು, ಒಣಗಲು ಸಮಯ ಕೊಟ್ಟರೆ.

ಗೀಟು ಮೊದಲೋ ಬಣ್ಣ ಮೊದಲೋ? ನಾನು ಈಗ ಬಣ್ಣವನ್ನೇ ಮೊದಲು ಹಾಕುತ್ತೇನೆ. ಗೀಟು ಮೊದಲು ಬಂದರೆ ಕೈ ಬಣ್ಣವನ್ನು ಅದರೊಳಗೆ ತುಂಬಲು ನೋಡುತ್ತದೆ, ಚಿತ್ರ ಬಿಗಿಯಾಗುತ್ತದೆ. ಬಣ್ಣ ಮೊದಲು ಹರಿದು ತನ್ನ ಆಕಾರ ತಾನೇ ಕಂಡುಕೊಂಡ ಮೇಲೆ ಎಲ್ಲಿ ಗೀಟು ಬೇಕು ಅನ್ನುವುದು ಕಾಣುತ್ತದೆ, ತುಂಬಾ ಕಡೆ ಬೇಡವೇ ಬೇಡ ಅನಿಸುತ್ತದೆ. ಈ ಸಲದ ಗೋಡೆಯಲ್ಲಿ ಬರೀ ಕೆಳಗಿನ ಮೂಲೆಯಲ್ಲಿ, ಬೇರು ಕಲ್ಲನ್ನು ಸೀಳಿದ ಜಾಗದಲ್ಲಿ ಮಾತ್ರ ಶಾಯಿ ಇದೆ.

ಚಿತ್ರಕಾರ ಪಾಲ್ ಕ್ಲೀ ಗೀಟಿಗೆ ಇನ್ನೊಂದು ದಾರಿ ಹಿಡಿದಿದ್ದರು. ಒಂದು ಹಾಳೆಗೆ ಕಪ್ಪು ಎಣ್ಣೆ ಬಣ್ಣ ಬಳಿದು, ಅದನ್ನು ಬೇರೆ ಕಾಗದದ ಮೇಲೆ ಮುಖ ಕೆಳಗಾಗಿ ಇಟ್ಟು, ಬೆನ್ನ ಮೇಲೆ ಚೂಪಾದ ಕಡ್ಡಿಯಿಂದ ಗೀಚುವುದು. ಕಾರ್ಬನ್ ಕಾಗದದ ಹಾಗೆ ಕೆಳಗೆ ಗೀಟು ಮೂಡುತ್ತದೆ, ಕೈ ಒತ್ತಿದ ಕಡೆ ಮಸುಕಾದ ಕಲೆಯೂ ಹತ್ತುತ್ತದೆ. ಗೀಟು ಎಣ್ಣೆಯದ್ದು, ಅದರ ಮೇಲೆ ವಾಟರ್‌ಕಲರ್ ಹರಿಸಿದರೂ ಕದಲುವುದಿಲ್ಲ. 1922ರ ‘ಟ್ವಿಟರಿಂಗ್ ಮಷೀನ್’ ಚಿತ್ರ ಹೀಗೆ ಮಾಡಿದ್ದು. ನಾನು ಮನೆಯಲ್ಲಿ ಪ್ರಯತ್ನಿಸಿದ್ದೇನೆ. ಬಣ್ಣ ಬಳಿದ ಹಾಳೆಯನ್ನು ಒಂದಷ್ಟು ಹೊತ್ತು ಆರಲು ಬಿಡಬೇಕು, ಹಸಿಯಾಗಿದ್ದರೆ ಇಡೀ ಕಾಗದ ಕಪ್ಪಾಗುತ್ತದೆ. ಆ ನಡುಗುವ, ಕೂದಲೆದ್ದಂಥ ಗೀಟು ಯಾವ ಪೆನ್ನಿನಲ್ಲೂ ಬರುವುದಿಲ್ಲ.

ಇನ್ನು ಬಿಳಿ. ವಾಟರ್‌ಕಲರ್‌ನಲ್ಲಿ ಬಿಳಿ ಬಣ್ಣ ಮುಟ್ಟಬಾರದು ಅಂತ ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಜರ್ಮನಿಯ ಚಿತ್ರಕಾರ ಡ್ಯೂರರ್ 1502ರಲ್ಲಿ ಬರೆದ ಮೊಲವನ್ನು ನೋಡಿ. ಅಡಿಯಲ್ಲಿ ತೆಳು ಕಂದು ವಾಶ್, ಅದರ ಮೇಲೆ ಒಂದೊಂದೇ ಕೂದಲು, ಕಡು ಬಣ್ಣದಲ್ಲೂ ಅಪಾರದರ್ಶಕ ಬಿಳಿಯಲ್ಲೂ. 1834ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಅನ್ನುವ ಬಣ್ಣದ ಕಂಪನಿ ಸತುವಿನಿಂದ ಮಾಡಿದ ಚೈನೀಸ್ ವೈಟ್ ಅನ್ನುವ ಬಿಳಿ ಬಣ್ಣ ಮಾರಲು ಶುರು ಮಾಡಿದ ಮೇಲೆ ಬಿಳಿ ಇನ್ನೂ ಸುಲಭವಾಯಿತು.

ಗ್ವಾಶ್‌ನಲ್ಲಿರುವ ಅಂಟೂ ಗಮ್ ಅರಬಿಕ್ಕೇ. ಪುಡಿ ಜಾಸ್ತಿ, ಕೆಲವದರಲ್ಲಿ ಸೀಮೆಸುಣ್ಣ ಸೇರಿರುತ್ತದೆ, ಹಾಗಾಗಿ ಅಡಿಯದು ಮುಚ್ಚಿಹೋಗುತ್ತದೆ. ವಾಟರ್‌ಕಲರ್‌ನಲ್ಲಿ ಬೆಳಕು ಬಣ್ಣದೊಳಗೆ ಹೋಗಿ, ಕಾಗದ ಮುಟ್ಟಿ, ವಾಪಸ್ ಬರುತ್ತದೆ. ಗ್ವಾಶ್‌ನಲ್ಲಿ ಮೇಲ್ಮೈಯಿಂದಲೇ ತಿರುಗುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಇಟ್ಟರೆ ನೆರಳು ಒಳಗೆ ಸರಿದ ಹಾಗೆ, ಬಿಸಿಲು ಬಿದ್ದ ಭಾಗ ಮುಂದೆ ಬಂದ ಹಾಗೆ ಕಾಣುತ್ತದೆ. ನೆರಳುಗಳನ್ನು ತೆಳುವಾಗಿ ಬಿಟ್ಟು ಬೆಳಕಿಗೆ ಮಾತ್ರ ಗ್ವಾಶ್ ಬಳಸುವುದು ನನ್ನ ರೂಢಿ. ಹಚ್ಚುವಾಗ ಒಂದೇ ಸಲ, ಒಂದೇ ಏಟಿಗೆ. ಎರಡನೇ ಸಲ ಬ್ರಷ್ ಆಡಿಸಿದರೆ ಅಡಿಯ ವಾಟರ್‌ಕಲರ್ ಎದ್ದು ಹಾಲು ಕದಡಿದ ಹಾಗೆ ಆಗುತ್ತದೆ.

ಒಣಗಿದಾಗ ಬಣ್ಣ ಬದಲಾಗುವುದೂ ಇಲ್ಲಿ ಕಾಡುತ್ತದೆ. ವಾಟರ್‌ಕಲರ್ ಒಣಗಿದಾಗ ತಿಳಿಯಾಗುತ್ತದೆ. ಗ್ವಾಶ್‌ನಲ್ಲಿ ಸಾಮಾನ್ಯವಾಗಿ ತಿಳಿ ಬಣ್ಣ ಸ್ವಲ್ಪ ಕಡುವಾಗುತ್ತದೆ, ಕಡು ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಅಕ್ರಿಲಿಕ್ ಒದ್ದೆಯಿದ್ದಾಗ ಎಮಲ್ಷನ್ ಹಾಲಿನ ಹಾಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ, ಹಾಗಾಗಿ ಬಣ್ಣ ಕಡುವಾಗುತ್ತದೆ. ಮೂರನ್ನೂ ಪಕ್ಕಪಕ್ಕ ಒದ್ದೆಯಲ್ಲಿ ಹೊಂದಿಸಿದರೆ ಒಣಗಿದಾಗ ಮೂರೂ ಮೂರು ದಿಕ್ಕಿಗೆ ಹೋಗಿರುತ್ತವೆ. ಅದೇ ಕಾಗದದ ಚೂರಿನ ಮೇಲೆ ಹಚ್ಚಿ, ಒಣಗಿಸಿ, ಚಿತ್ರದ ಪಕ್ಕ ಹಿಡಿದು ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಅಕ್ರಿಲಿಕ್ ಇಂಕನ್ನು ನೀರಿನಲ್ಲಿ ತೆಳು ಮಾಡಿ ಮೊದಲ ಪದರವಾಗಿ ಬಳಸಬಹುದು, ಮೇಲಿನ ವಾಟರ್‌ಕಲರ್ ವಾಶ್ ಎಷ್ಟು ತಿದ್ದಿದರೂ ಅಡಿಯದು ಏಳುವುದಿಲ್ಲ. ಅಕ್ರಿಲಿಕ್ಕನ್ನು ದಪ್ಪಗೆ, ಹೊಳಪಾಗಿ ಹಚ್ಚಿದರೆ ಮಾತ್ರ ಅದರ ಮೇಲೆ ಹಾಕಿದ ವಾಟರ್‌ಕಲರ್ ಹನಿ ಹನಿಯಾಗಿ ನಿಲ್ಲುತ್ತದೆ. ಬ್ರಷ್ಷನ್ನು ಕೂಡಲೇ ತೊಳೆಯಿರಿ. ನನ್ನ ಒಂದು ಒಳ್ಳೆಯ ಬ್ರಷ್ ಹಾಗೆ ಒಂದೇ ರಾತ್ರಿಯಲ್ಲಿ ಕಡ್ಡಿಯಾಗಿತ್ತು.

ಅಂಟಿಸಿದ ಕಾಗದದ ಬಗ್ಗೆ ಕೇಳುವವರು ಜಾಸ್ತಿ. ತೆಳುವಾದ, ನಾರು ಕಾಣುವ ಜಪಾನಿ ಕಾಗದ ವಾಟರ್‌ಕಲರ್ ಜೊತೆ ಚೆನ್ನಾಗಿ ಹೋಗುತ್ತದೆ. ಮುದುಡಿ, ಬಿಡಿಸಿ, ಅಂಟಿಸಿದರೆ ಸುಕ್ಕುಗಳಲ್ಲಿ ಬಣ್ಣ ಹೋಗಿ ನಿಲ್ಲುತ್ತದೆ, ಬಿರುಕು ತಾನಾಗಿ ಮೂಡುತ್ತದೆ. ಗೋಧಿ ಗಂಜಿಯ ಅಂಟು ಅಥವಾ ಮೀಥೈಲ್ ಸೆಲ್ಯುಲೋಸ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ. ಎರಡೂ ನೀರಿನ ಅಂಟುಗಳು ಅನ್ನುವುದು ನೆನಪಿರಲಿ. ಮುಗಿದ ವಾಟರ್‌ಕಲರ್ ಮೇಲೆ ನೇರವಾಗಿ ಬಳಿದರೆ ಬಣ್ಣ ಎದ್ದುಬಿಡುತ್ತದೆ. ಒಂದೋ ಎಲ್ಲಕ್ಕಿಂತ ಮೊದಲು ಅಂಟಿಸಿ, ಇಲ್ಲವೇ ಚೂರಿನ ಹಿಂಬದಿಗೆ ಮಾತ್ರ ಅಂಟು ಸವರಿ ಒಂದೇ ಸಲ ಒತ್ತಿ, ಜಾರಿಸಬೇಡಿ. ಮೇಣದ ಮೇಲೆ ಯಾವುದೂ ಅಂಟುವುದಿಲ್ಲ. ಪತ್ರಿಕೆಯ ಚೂರು ಚೆಂದ ಕಾಣುತ್ತದೆ, ಆದರೆ ಅದರಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶದಿಂದ ಹಳದಿಯಾಗಿ ಪುಡಿಯಾಗುತ್ತದೆ, ಅದರ ಆಮ್ಲ ಪಕ್ಕದ ಕಾಗದಕ್ಕೂ ದಾಟುತ್ತದೆ.

ಪೇಸ್ಟಲ್ ಎಲ್ಲಕ್ಕಿಂತ ಕೊನೆಗೆ. ಅದು ಬಿದ್ದ ಮೇಲೆ ನೀರಿನ ಡಬ್ಬಿಯನ್ನು ಮೇಜಿನಿಂದ ಎತ್ತಿಟ್ಟುಬಿಡುತ್ತೇನೆ. ಪುಡಿ ಉದುರದಂತೆ ಹಿಡಿಯುವ ಫಿಕ್ಸೆಟಿವ್ ಹೊಡೆದರೆ ಬಣ್ಣ ಕಡುವಾಗುತ್ತದೆ, ಅದಕ್ಕೇ ಹೊಡೆಯುವುದಿಲ್ಲ. ಚೌಕಟ್ಟು ಹಾಕುವಾಗ ಗಾಜು ತಾಗದ ಹಾಗೆ ನಡುವೆ ಅಂತರ ಬಿಡಿಸುತ್ತೇನೆ. ಗೋಡೆಯ ನೆತ್ತಿಯಲ್ಲಿ ಮಳೆ ನಿಂತ ಮೇಲಿನ ಬೆಳಕು ಬೇಕಿತ್ತು, ಎರಡು ಗೀಟು ಎಳೆದೆ, ನಿಲ್ಲಿಸಿದೆ.

ಬೆಳಕಿಗೆ ಯಾವ ಬಣ್ಣ ಮಾಸುತ್ತದೆ ಅಂತ ನೋಡಲು, ಈ ಚಿತ್ರಕ್ಕೆ ಬಳಸಿದ ಪ್ರತಿಯೊಂದು ಬಣ್ಣ ಮತ್ತು ಶಾಯಿಯಿಂದಲೂ ಒಂದೊಂದು ಪಟ್ಟಿ ಹಚ್ಚಿ, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದ್ದೇನೆ. ಹಿಂದಿನ ಪಟ್ಟಿಯಲ್ಲಿ ಹೊಳೆಯುವ ಗುಲಾಬಿ ಮತ್ತು ಡೈ ಶಾಯಿಗಳು ಮೂರು ತಿಂಗಳಿಗೇ ಬಿಳಿಚಿಕೊಂಡಿದ್ದವು, ಮಣ್ಣಿನ ಬಣ್ಣಗಳು ಹಾಗೇ ಇದ್ದವು. ಈ ಸಲ ಅನುಮಾನ ಇರುವುದು ಒಂದೇ ಒಂದು ಹಸಿರಿನ ಮೇಲೆ, ಪಾಚಿಗೆ ಹಚ್ಚಿದ್ದು. ಮೂರು ತಿಂಗಳಾದ ಮೇಲೆ ರಟ್ಟು ತೆಗೆದು ನೋಡಿ, ಏನಾಯಿತು ಅಂತ ಫೋಟೋ ಜೊತೆ ಬರೆಯುತ್ತೇನೆ.